‘ಆಂಟಿ’ ಅಮ್ಮನಾಗುವ ಗಳಿಗೆ: ಚೀನೀ ಮದುವೆಯ ಚಹಾ ಶಾಸ್ತ್ರ

ಸಭೆಯಲ್ಲಿರುವ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಚೀನೀಯರ ಮದುವೆಯ ಚಹಾ ಶಾಸ್ತ್ರದ ಬಗ್ಗೆ ಮಾತನಾಡಲಿದ್ದೇನೆ ಎಂದು ತಿಳಿಸಿದಾಗ ಪರಿಚಯದವರಲ್ಲಿ ಹಲವರಿಗೆ ಮೊದಲು ನೆನಪಾದದ್ದು ಜಪಾನಿನ ಚಹಾ ಕಲಾಪ. ಅಲ್ಲಿ ಹಸಿರು ಚಹಾ ಪುಡಿಯನ್ನು ಬಿದಿರಿನ ಕಡ್ಡಿಗಳ ಕುಂಚದಿಂದ ಕಡೆಯುವ ರೀತಿ, ಬಟ್ಟಲನ್ನು ಅಂಗೈಯಲ್ಲಿ ತಿರುಗಿಸುವ ರೀತಿ, ಅತಿಥಿಯ ಮುಂದೆ ಕೂರುವ ರೀತಿ ಇವೆಲ್ಲವೂ ವರ್ಷಗಟ್ಟಲೆ ಅಭ್ಯಾಸ ಮಾಡಿ ಕಲಿಯಬೇಕಾದ ವಿದ್ಯೆ; ಚಹಾ ಮಾಡುವುದೇ ಅಲ್ಲಿ ಕಲೆ. ಚೀನೀ ಮದುವೆಮನೆಯಲ್ಲಿ ಚಹಾ ಹೇಗೆ ತಯಾರಾಯಿತು ಎಂದು ಯಾರೂ ಕೇಳುವುದಿಲ್ಲ. ಮನೆಯ ಹಿರಿಯ ಹೆಂಗಸೊಬ್ಬರು ಅದನ್ನು ಬೆಳಗ್ಗೆಯೇ ಕುದಿಸಿ ಇಟ್ಟಿರುತ್ತಾರೆ. ಹಜಾರದಲ್ಲಿ ಸೇರಿದವರೆಲ್ಲರ ಗಮನವಿರುವುದು ಬೇರೆ ಸಂಗತಿಗಳ ಮೇಲೆ: ಬಟ್ಟಲನ್ನು ಯಾರು ಯಾರಿಗೆ ಕೊಟ್ಟರು, ಯಾರ ಸರದಿ ಯಾರ ನಂತರ ಬಂತು, ಕೊಡುವಾಗ ಏನೆಂದು ಕರೆದರು. ಈ ಮೂರನೆಯ ಸಂಗತಿಯೇ ಶಾಸ್ತ್ರದ ಜೀವಾಳ ಎಂಬುದು ನನ್ನ ತಿಳಿವಳಿಕೆ, ಮತ್ತು ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಅದರ ಸುತ್ತಲೇ ಇದೆ.

ಈ ಶಾಸ್ತ್ರಕ್ಕೆ ಚೀನಾದ ಮ್ಯಾಂಡರಿನ್ ಭಾಷೆಯಲ್ಲಿ ‘ಜಿಂಗ್ ಛಾ’ ಎನ್ನುತ್ತಾರೆ. ಗೌರವದಿಂದ ಚಹಾ ಕೊಡುವುದು ಎಂದು ಅದರ ಅರ್ಥ. ಅದಕ್ಕೇ ಇನ್ನೊಂದು ಹೆಸರಿದೆ: ‘ಗಾಯ್‌ಕೋ ಛಾ’. ಗಾಯ್ ಎಂದರೆ ಬದಲಿಸುವುದು, ಕೋ ಎಂದರೆ ಬಾಯಿ. ಬಾಯಿ ಬದಲಿಸುವ ಚಹಾ, ಅಂದರೆ ಅದುವರೆಗೆ ಕರೆಯುತ್ತಿದ್ದ ಹೆಸರನ್ನು ಬಿಟ್ಟು ಹೊಸ ಸಂಬಂಧದ ಹೆಸರಿನಿಂದ ಕರೆಯಲು ತೊಡಗುವಾಗಿನ ಚಹಾ. ಇದಕ್ಕಿಂತ ಸರಿಯಾದ ಹೆಸರು ಈ ಶಾಸ್ತ್ರಕ್ಕೆ ಸಿಗಲಾರದು.

ಕೆಲವು ವರ್ಷಗಳ ಹಿಂದೆ ಸಿಂಗಪುರದ ಟೋವಾ ಪಾಯೋ ಬಡಾವಣೆಯ ಒಂದು ಮನೆಯಲ್ಲಿ ಇದನ್ನು ನಾನು ಹತ್ತಿರದಿಂದ ನೋಡಿದೆ. ಗಂಡಿನ ಕಡೆಯವರು ಚೀನಾದ ದಕ್ಷಿಣ ಕರಾವಳಿಯಿಂದ ಹಲವು ತಲೆಮಾರುಗಳ ಹಿಂದೆ ವಲಸೆ ಬಂದ ಟಿಯೋಚ್ಯೂ ಮೂಲದವರು. ಸರ್ಕಾರ ಕಟ್ಟಿಸಿಕೊಟ್ಟ ಎತ್ತರದ ವಸತಿ ಸಮುಚ್ಚಯದಲ್ಲಿ ಅವರದೊಂದು ಸಾಧಾರಣ ಫ್ಲ್ಯಾಟು. ಬಾಗಿಲ ಮೇಲೆ ಕೆಂಪು ಬಟ್ಟೆ, ಕನ್ನಡಿಯ ಮೇಲೂ ಗೋಡೆಯ ಮೇಲೂ ‘ಸಂತೋಷ’ ಎಂಬ ಅಕ್ಷರವನ್ನು ಜೋಡಿಯಾಗಿ ಕತ್ತರಿಸಿ ಅಂಟಿಸಿದ ಕೆಂಪು ಕಾಗದ. ಬೆಳಗ್ಗೆ ಬೇಗನೆ ಹುಡುಗಿಯ ಮನೆಗೆ ಹೋಗಿ ಅವಳನ್ನು ಕರೆತಂದಿದ್ದರು. ಪೂರ್ವಿಕರ ಪೀಠದ ಮುಂದೆ ಊದಿನಕಡ್ಡಿ ಹಚ್ಚಿ ಕೈಮುಗಿದಾದ ಮೇಲೆ ಇಬ್ಬರು ಹಿರಿಯರು ಅಕ್ಕಪಕ್ಕದ ಕುರ್ಚಿಗಳಲ್ಲಿ ಕುಳಿತರು. ಅವರ ಮುಂದೆ ಎರಡು ಕೆಂಪು ದಿಂಬು ಹಾಕಿದರು, ಗಂಡು ಹೆಣ್ಣು ಅದರ ಮೇಲೆ ಮೊಣಕಾಲೂರಿದರು.

ಆ ಹುಡುಗಿ ಗಂಡನ ತಾಯಿಯನ್ನು ಆರು ವರ್ಷಗಳಿಂದ ಬಲ್ಲವಳು. ಸಿಂಗಪುರದಲ್ಲಿ, ನಮ್ಮ ಬೆಂಗಳೂರಿನಂತೆಯೇ, ವಯಸ್ಸಾದ ಹೆಂಗಸರೆಲ್ಲ ‘ಆಂಟಿ’ಯರು, ಇವಳಿಗೂ ಅವರು ಆರು ವರ್ಷ ಆಂಟಿಯೇ ಆಗಿದ್ದರು. ಪಕ್ಕದಲ್ಲಿದ್ದ ಹೆಂಗಸೊಬ್ಬರು ಮುಚ್ಚಳವಿರುವ ಪಿಂಗಾಣಿ ಬಟ್ಟಲನ್ನು ತಟ್ಟೆಯ ಸಮೇತ ಅವಳ ಎರಡೂ ಕೈಗೆ ಕೊಟ್ಟರು. ಅವಳು ಅದನ್ನು ಎತ್ತಿ ಹಿಡಿದು ‘ಆ...’ ಎಂದು ತೊಡಗಿ, ತಡೆದು, ಉಸಿರು ತೆಗೆದುಕೊಂಡು, ‘ಮಾ, ಹೆ ಛಾ’ ಎಂದಳು. ಅಮ್ಮಾ, ಚಹಾ ಕುಡಿಯಿರಿ. ಮನೆಯವರೆಲ್ಲ ಪ್ರೀತಿಯಿಂದ ನಕ್ಕರು. ಆ ತಾಯಿ ಮಾತ್ರ ನಗಲಿಲ್ಲ. ಬಟ್ಟಲನ್ನು ತೆಗೆದುಕೊಳ್ಳುವಾಗ ಅವರ ಕೈ ನಡುಗಿ ಮುಚ್ಚಳ ಬಟ್ಟಲಿನ ಅಂಚಿಗೆ ಕಿಣಿಕಿಣಿ ಎಂದು ಬಡಿಯುತ್ತಿದ್ದುದು ಕೋಣೆಯ ಮೂಲೆಯಲ್ಲಿ ನಿಂತಿದ್ದ ನನಗೂ ಕೇಳಿಸಿತು. ಅವರು ಒಂದೇ ಗುಟುಕು ಕುಡಿದರು. ಬಟ್ಟಲನ್ನು ಕೆಳಗಿಟ್ಟು ‘ಗುವಾಯ್’ ಎಂದರು. ಹೇಳಿದ ಮಾತು ಕೇಳುವ ಮುದ್ದು ಮಗುವಿಗೆ ಹೇಳುವ ಮಾತದು. ಕನ್ನಡದಲ್ಲಿ ‘ಜಾಣೆ’ ಎಂದಂತೆ. ನಂತರ ಕೆಂಪು ಲಕೋಟೆ ಕೊಟ್ಟು, ಚಿನ್ನದ ಸರವೊಂದನ್ನು ತಾವೇ ಅವಳ ಕೊರಳಿಗೆ ಹಾಕಿದರು.

ಲೆಕ್ಕ ಹಾಕಿದರೆ ಎರಡು ನಿಮಿಷದ ಕೆಲಸ. ಅಷ್ಟರಲ್ಲಿ ಆರು ವರ್ಷದ ಒಂದು ಪದ ಹೋಗಿ ಇನ್ನೊಂದು ಬಂದು ಕೂತಿತ್ತು, ಮತ್ತು ಅದಕ್ಕೆ ಮನೆತುಂಬ ಸಾಕ್ಷಿಗಳಿದ್ದರು.

ತಂದೆತಾಯಿಯ ನಂತರ ಉಳಿದ ಹಿರಿಯರ ಸರದಿ ಬರುತ್ತದೆ. ಕೆಲವು ಮನೆಗಳಲ್ಲಿ ಅಜ್ಜ ಅಜ್ಜಿಯರಿಗೆ ಮೊದಲು ಕೊಟ್ಟು ಆಮೇಲೆ ತಂದೆತಾಯಿಗೆ ಕೊಡುವುದೂ ಉಂಟು. ಆಮೇಲಿನ ಸರದಿ ವಯಸ್ಸು ಮತ್ತು ಸಂಬಂಧ ನೋಡಿ ನಡೆಯುತ್ತದೆ. ಇಲ್ಲಿ ಕನ್ನಡದವರಿಗೆ ಒಂದು ಅನುಕೂಲವಿದೆ: ಇಂಗ್ಲಿಷಿನವರಿಗೆ ಎಲ್ಲರೂ ‘ಅಂಕಲ್’ ಆಗುವ ಕಡೆ ನಮಗೆ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಬೇರೆ ಬೇರೆ. ಚೀನೀಯರಿಗೂ ಹಾಗೆಯೇ. ದೊಡ್ಡಪ್ಪ ‘ಬೋಫು’, ಚಿಕ್ಕಪ್ಪ ‘ಶೂಶು’, ಸೋದರಮಾವ ‘ಜಿಯುಜಿಯು’. ಅವರು ನಮಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ನಮ್ಮಲ್ಲಿ ತಾಯಿಯ ಅಕ್ಕನೂ ದೊಡ್ಡಮ್ಮ, ದೊಡ್ಡಪ್ಪನ ಹೆಂಡತಿಯೂ ದೊಡ್ಡಮ್ಮ. ಅವರಲ್ಲಿ ತಾಯಿಯ ಅಕ್ಕ ‘ಯೀಮಾ’, ದೊಡ್ಡಪ್ಪನ ಹೆಂಡತಿ ‘ಬೋಮು’, ಚಿಕ್ಕಪ್ಪನ ಹೆಂಡತಿ ‘ಶೆನ್‌ಶೆನ್’. ಪ್ರಾಂತ್ಯ ಬದಲಾದರೆ ಪದವೂ ಬದಲಾಗುತ್ತದೆ. ಮ್ಯಾಂಡರಿನ್ ಮಾತನಾಡುವವರಿಗೆ ‘ನಾಯ್‌ನಾಯ್’ ಎಂದರೆ ತಂದೆಯ ತಾಯಿ. ಕ್ಯಾಂಟನೀಸ್ ಮಾತನಾಡುವ ಹಾಂಗ್‌ಕಾಂಗಿನ ಮದುಮಗಳು ಅದೇ ಪದದಿಂದ ಅತ್ತೆಯನ್ನು ಕರೆದು ಚಹಾ ಕೊಡುತ್ತಾಳೆ. ಒಂದು ಪ್ರಾಂತ್ಯದ ಹುಡುಗಿ ಇನ್ನೊಂದು ಪ್ರಾಂತ್ಯದ ಮನೆಗೆ ಸೊಸೆಯಾಗಿ ಹೋಗುವಾಗ ಯಾರನ್ನು ಏನೆನ್ನಬೇಕು ಎಂದು ಹಿಂದಿನ ದಿನವೇ ಕೇಳಿ ಕಲಿತಿರಬೇಕಾಗುತ್ತದೆ. ಪಕ್ಕದಲ್ಲಿ ನಿಂತು ಬಟ್ಟಲು ಒದಗಿಸುವ ಹಿರಿಯ ಹೆಂಗಸಿನ ಮುಖ್ಯ ಕೆಲಸ ಅದೇ: ಮುಂದೆ ಕುಳಿತವರು ಯಾರು ಎಂದು ಮೆಲ್ಲಗೆ ಹೇಳಿಕೊಡುವುದು. ಹಾಂಗ್‌ಕಾಂಗಿನಲ್ಲಿ ಇದನ್ನು ವೃತ್ತಿಯಾಗಿಸಿಕೊಂಡ ‘ದಾಯ್ ಕಮ್ ಜೆ’ ಎಂಬ ಹೆಂಗಸರಿದ್ದಾರೆ. ಪ್ರತಿ ಗುಟುಕಿಗೂ ಪ್ರಾಸಬದ್ಧವಾದ ಒಂದು ಹಾರೈಕೆಯನ್ನು ಅವರು ಗಟ್ಟಿಯಾಗಿ ಹೇಳುತ್ತಾರೆ.

ಮಗನಿಗೆ ಮದುವೆ ವಯಸ್ಸಾಗಿದೆ ಎನ್ನುವ ತಾಯಿಯನ್ನು ಹಾಂಗ್‌ಕಾಂಗಿನಲ್ಲಿ ‘ಸೊಸೆಯ ಚಹಾ ಯಾವಾಗ ಕುಡಿಯುತ್ತೀರಿ?’ ಎಂದು ಕೇಳುತ್ತಾರೆ. ನಾವು ‘ಮದುವೆ ಊಟ ಯಾವಾಗ ಹಾಕಿಸುತ್ತೀರಿ?’ ಎನ್ನುವ ಕಡೆ ಅವರ ಬಾಯಲ್ಲಿ ಬರುವುದು ಈ ಒಂದು ಬಟ್ಟಲು.

ಈ ಶಾಸ್ತ್ರದ ಬೇರು ಎಷ್ಟು ಹಿಂದಕ್ಕೆ ಹೋಗುತ್ತದೆ ಎಂದು ಹುಡುಕಿದರೆ ಒಂದು ವಿಶೇಷ ಕಾಣಿಸುತ್ತದೆ. ಶಾಸ್ತ್ರ ಬಹಳ ಹಳೆಯದು, ಆದರೆ ಅದರಲ್ಲಿ ಚಹಾ ಇರಲಿಲ್ಲ. ಕ್ರಿಸ್ತಪೂರ್ವ ಶತಮಾನಗಳಲ್ಲಿ ರೂಪುಗೊಂಡ ‘ಯೀ ಲೀ’ ಎಂಬ ಆಚಾರಗ್ರಂಥದಲ್ಲಿ ಮದುವೆಯ ಮರುದಿನ ಬೆಳಗ್ಗೆ ಸೊಸೆ ಗಂಡನ ತಂದೆತಾಯಿಯನ್ನು ಕಾಣುವ ವಿಧಿಯ ವಿವರವಿದೆ. ಅವಳು ಬಿದಿರಿನ ಬುಟ್ಟಿಯಲ್ಲಿ ಕೆಂಪು ಬೋರೆಹಣ್ಣು ಮತ್ತು ಚೆಸ್ಟ್‌ನಟ್ ಕಾಯಿಗಳನ್ನು ಹಿಡಿದು ಬಂದು, ನಮಸ್ಕರಿಸಿ, ಮಾವನ ಮುಂದಿನ ಚಾಪೆಯ ಮೇಲೆ ಇಡುತ್ತಾಳೆ. ಮಾವ ಬುಟ್ಟಿಯನ್ನು ಕೈಯಿಂದ ಮುಟ್ಟಿ, ಎದ್ದು, ಪ್ರತಿವಂದನೆ ಮಾಡುತ್ತಾನೆ. ಅತ್ತೆಗೆ ಅವಳು ತರುವುದು ಮಸಾಲೆ ಹಾಕಿ ಒಣಗಿಸಿದ ಮಾಂಸ. ಅತ್ತೆ ಅದನ್ನು ಎತ್ತಿಕೊಂಡು ನಿಂತು ವಂದಿಸಿ ಪರಿಚಾರಕರ ಕೈಗೆ ಕೊಡುತ್ತಾಳೆ. ಕೊಡುವುದು, ಮುಟ್ಟುವುದು, ಒಪ್ಪಿಕೊಳ್ಳುವುದು ಎಂಬ ಈ ಮೂರು ಚಲನೆಗಳೇ ಇವತ್ತಿನ ಚಹಾ ಶಾಸ್ತ್ರದಲ್ಲೂ ಉಳಿದಿವೆ. ಮುಟ್ಟುವುದರ ಜಾಗಕ್ಕೆ ಗುಟುಕು ಬಂದಿದೆ, ಅಷ್ಟೆ.

ಆ ಗ್ರಂಥದಲ್ಲಿ ಗಂಡನ ತಂದೆತಾಯಿಗೆ ಬಳಸಿರುವ ಪದವನ್ನು ನೋಡಿದಾಗ ನನಗಾದ ಸಂತೋಷವನ್ನು ಕನ್ನಡದವರ ಮುಂದೆ ಹೇಳದೆ ಇರಲಾರೆ. ಆ ಪದ ‘ಜಿಯು-ಗೂ’. ಜಿಯು ಎಂದರೆ ಸೋದರಮಾವ, ಗೂ ಎಂದರೆ ಸೋದರತ್ತೆ. ಅಂದರೆ ಆ ಕಾಲದ ಚೀನೀ ಭಾಷೆಯಲ್ಲಿ ತಾಯಿಯ ಅಣ್ಣತಮ್ಮಂದಿರಿಗೂ ಗಂಡನ ತಂದೆಗೂ ಒಂದೇ ಪದ, ತಂದೆಯ ಅಕ್ಕತಂಗಿಯರಿಗೂ ಗಂಡನ ತಾಯಿಗೂ ಒಂದೇ ಪದ. ಕನ್ನಡದಲ್ಲಿ ‘ಮಾವ’, ‘ಅತ್ತೆ’ ಎಂಬ ಪದಗಳು ಇಂದಿಗೂ ಮಾಡುತ್ತಿರುವ ಕೆಲಸ ಇದೇ ಅಲ್ಲವೇ? ಸೋದರಮಾವನ ಮಗನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗುತ್ತಿದ್ದ ಪದ್ಧತಿ ಪ್ರಾಚೀನ ಚೀನಾದಲ್ಲೂ ಇದ್ದಿರಬೇಕು ಎಂಬುದಕ್ಕೆ ವಿದ್ವಾಂಸರು ಈ ಪದಗಳನ್ನು ಸಾಕ್ಷಿಯಾಗಿ ತೋರಿಸುತ್ತಾರೆ. ಇಂಗ್ಲಿಷಿನ ಅನುವಾದಕರು ಹಲವು ಪದ ಕೂಡಿಸಿ ವಿವರಿಸಬೇಕಾದ ಈ ಜೋಡಿಪದವನ್ನು ನಾವು ‘ಅತ್ತೆಮಾವ’ ಎಂದು ಹಾಗೆಯೇ ಎತ್ತಿಕೊಳ್ಳಬಹುದು. ಕಾಲಕ್ರಮದಲ್ಲಿ ಚೀನೀಯರ ಬಳಕೆ ಬೇರೆಯಾಯಿತು. ಈಗಿನ ಸೊಸೆ ‘ಮಾ’, ‘ಬಾ’ ಎಂದು ತನ್ನ ತಂದೆತಾಯಿಯನ್ನು ಕರೆಯುವ ಪದಗಳಿಂದಲೇ ಅವರನ್ನು ಕರೆಯುತ್ತಾಳೆ. ಸಂಬಂಧದಲ್ಲೇ ಮದುವೆಯಾಗುತ್ತಿದ್ದ ಕಾಲದಲ್ಲಿ ಕರೆಯುವ ಹೆಸರು ಬದಲಾಗಬೇಕಾದ ಅಗತ್ಯ ಇರಲಿಲ್ಲ, ಅತ್ತೆ ಅತ್ತೆಯಾಗಿಯೇ ಇರುತ್ತಿದ್ದಳು. ಅಪರಿಚಿತ ಮನೆಗೆ ಹೋಗುವ ಹೆಣ್ಣಿಗೆ ಹೆಸರು ಬದಲಿಸುವ ಒಂದು ಗಳಿಗೆ ಬೇಕಾಗುತ್ತದೆ ಎಂದು ನನಗೆ ತೋರುತ್ತದೆ. ಇದು ನನ್ನ ಊಹೆ; ಆದರೆ ಅತ್ತೆಯ ಮಗನನ್ನು ಮದುವೆಯಾದವರು ಈ ಸಭೆಯಲ್ಲಿ ಇದ್ದರೆ ಅವರಿಗೆ ನನ್ನ ಮಾತು ಅರ್ಥವಾಗುತ್ತದೆ.

ಚಹಾ ಮದುವೆಯೊಳಗೆ ಬಂದದ್ದು ಬೇರೆ ಬಾಗಿಲಿನಿಂದ. ಅದು ಮೊದಲು ಬಂದದ್ದು ನಿಶ್ಚಯದ ಉಡುಗೊರೆಯಾಗಿ. ಮಿಂಗ್ ರಾಜವಂಶದ ಕಾಲದಲ್ಲಿ, 1597ರ ಸುಮಾರಿಗೆ, ಶು ತ್ಸಶು ಎಂಬ ಚಹಾ ಪಂಡಿತ ಬರೆದ ಗ್ರಂಥದಲ್ಲಿ ಇದಕ್ಕೆ ಕಾರಣ ಕೊಟ್ಟಿದ್ದಾನೆ: ಚಹಾ ಗಿಡವನ್ನು ಕಿತ್ತು ಬೇರೆ ಕಡೆ ನೆಡಲಾಗದು, ಬೀಜದಿಂದಲೇ ಬೆಳೆಸಬೇಕು, ಆದ್ದರಿಂದ ಹಿಂದಿನವರು ಮದುವೆಗೆ ಚಹಾವನ್ನೇ ಕಾಣಿಕೆಯಾಗಿ ಕಳಿಸುತ್ತಿದ್ದರು. ಗಂಡಿನ ಕಡೆಯವರು ಕಳಿಸಿದ ಈ ಕಾಣಿಕೆಯನ್ನು ಹೆಣ್ಣಿನ ಕಡೆಯವರು ಸ್ವೀಕರಿಸಿದರೆ ಹುಡುಗಿ ‘ಚಹಾ ಕುಡಿದಳು’ ಎಂದಾಗುತ್ತಿತ್ತು, ಅಂದರೆ ಮಾತು ಗಟ್ಟಿಯಾಯಿತು ಎಂದು. ಈ ನುಡಿಗಟ್ಟು ಎಷ್ಟು ಬಳಕೆಯಲ್ಲಿತ್ತು ಎಂಬುದಕ್ಕೆ 18ನೇ ಶತಮಾನದ ‘ಕೆಂಪು ಮಹಲಿನ ಕನಸು’ ಕಾದಂಬರಿಯ 25ನೇ ಅಧ್ಯಾಯದಲ್ಲಿ ಒಂದು ಸನ್ನಿವೇಶವಿದೆ. ಚಹಾ ಕಳಿಸಿಕೊಟ್ಟಿದ್ದ ಅತ್ತಿಗೆಯ ಸಮಾನಳಾದವಳು ನಾಯಕಿಯನ್ನು ರೇಗಿಸುತ್ತಾಳೆ: ನಮ್ಮ ಮನೆಯ ಚಹಾ ಕುಡಿದಾಯಿತಲ್ಲ, ಇನ್ನೂ ಏಕೆ ನಮ್ಮ ಮನೆಗೆ ಸೊಸೆಯಾಗಿ ಬರುತ್ತಿಲ್ಲ? ನಾಯಕಿಯ ಮುಖ ಕೆಂಪಾಗುತ್ತದೆ. ವಿವರಣೆಯೇ ಇಲ್ಲದೆ ಓದುಗರಿಗೆ ಆ ಮಾತು ತಿಳಿಯುತ್ತಿತ್ತು.

ಗಿಡದ ಈ ಹೋಲಿಕೆಯ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಕಿತ್ತು ನೆಟ್ಟರೆ ಬದುಕದ ಗಿಡದಂತೆ ಇರಬೇಕು ಎಂದು ಹೇಳಿದ್ದು ಹೆಣ್ಣಿಗೆ ಮಾತ್ರ. ಗಂಡಿಗೆ ಅಂಥ ಕಟ್ಟಳೆ ಇರಲಿಲ್ಲ, ಅವನು ಇನ್ನೊಬ್ಬಳನ್ನು ತರಬಹುದಿತ್ತು. ಮೇಲಾಗಿ, ಹುಟ್ಟಿದ ಮನೆಯಿಂದ ಕಿತ್ತು ಬೇರೆ ಮನೆಯಲ್ಲಿ ನೆಡುತ್ತಿದ್ದುದು ಅವಳನ್ನೇ. ಇವತ್ತು ಚಹಾ ತೋಟಗಳಲ್ಲಿ ಗಿಡಗಳನ್ನು ಹೆಚ್ಚಾಗಿ ತುಂಡು ಕಡ್ಡಿಗಳಿಂದ ನರ್ಸರಿಯಲ್ಲಿ ಎಬ್ಬಿಸಿ ಆಮೇಲೆ ತೋಟಕ್ಕೆ ಸಾಗಿಸಿ ನೆಡುತ್ತಾರೆ, ಅವು ಚೆನ್ನಾಗಿಯೇ ಬೆಳೆಯುತ್ತವೆ. ಹೋಲಿಕೆಯ ಆಧಾರವೇ ಈಗ ಉಳಿದಿಲ್ಲ, ಅದು ಹೋದದ್ದರಿಂದ ಶಾಸ್ತ್ರಕ್ಕೆ ನಷ್ಟವೇನೂ ಆಗಿಲ್ಲ.

ಅದೇ ಬಟ್ಟಲಿಗೆ ಇನ್ನೂ ಕಠೋರವಾದ ಒಂದು ಉಪಯೋಗವಿತ್ತು. ಮನೆಗೆ ಉಪಪತ್ನಿಯಾಗಿ ಬಂದವಳು ಮೊದಲ ಹೆಂಡತಿಯ ಮುಂದೆ ಮೊಣಕಾಲೂರಿ ಚಹಾ ಕೊಡಬೇಕಾಗಿತ್ತು. ಅವಳು ತೆಗೆದುಕೊಂಡು ಕುಡಿದರೆ ಒಪ್ಪಿಕೊಂಡಂತೆ, ಕುಡಿಯದಿದ್ದರೆ ಬಂದವಳಿಗೆ ಮನೆಯಲ್ಲಿ ಹೆಸರೇ ಇಲ್ಲ. ಚೀನಾದಲ್ಲಿ 1950ರ ವಿವಾಹ ಕಾನೂನು ಉಪಪತ್ನಿಯರ ಪದ್ಧತಿಯನ್ನು ಕೊನೆಗಾಣಿಸಿತು. ಸಿಂಗಪುರದಲ್ಲಿ 1961ರ ಮಹಿಳಾ ಸನದು ಮುಸ್ಲಿಮೇತರರಿಗೆಲ್ಲ ಏಕಪತ್ನಿತ್ವವನ್ನು ಕಡ್ಡಾಯ ಮಾಡಿತು. ಬ್ರಿಟಿಷರ ಆಳ್ವಿಕೆಯ ಹಾಂಗ್‌ಕಾಂಗಿನಲ್ಲಿ ಮಾತ್ರ ಹಳೆಯ ಚೀನೀ ಪದ್ಧತಿಗೆ 1971ರ ಅಕ್ಟೋಬರ್ 7ರವರೆಗೂ ಕಾನೂನಿನ ಮಾನ್ಯತೆ ಇತ್ತು. ಅದಕ್ಕೂ ಮೊದಲು ಕೂಡಿಕೊಂಡ ಉಪಪತ್ನಿಗೆ ಆಸ್ತಿಯ ವಿಷಯದಲ್ಲಿ ಹಕ್ಕಿದೆಯೇ ಎಂದು ನೋಡುವಾಗ ಅಲ್ಲಿನ ಕಾನೂನು ಕೇಳುವ ಪ್ರಶ್ನೆ ಇದು: ಗಂಡಸಿನ ಹೆಂಡತಿ ಅವಳನ್ನು ಉಪಪತ್ನಿಯೆಂದು ಒಪ್ಪಿಕೊಂಡಿದ್ದಳೇ, ಕುಟುಂಬದವರು ಸಾಮಾನ್ಯವಾಗಿ ಹಾಗೆ ಗುರುತಿಸಿದ್ದರೇ? ಕಾಗದ ಪತ್ರವಿಲ್ಲದ ಮನೆಗಳಲ್ಲಿ ಆ ಒಪ್ಪಿಗೆ ಕಣ್ಣಿಗೆ ಕಾಣುತ್ತಿದ್ದದ್ದು ಒಂದು ಗುಟುಕು ಚಹಾದಲ್ಲಿ. ಆ ಹೆಂಗಸರಿಬ್ಬರಲ್ಲಿ ಯಾರ ಸಂಕಟ ಹೆಚ್ಚಿನದು ಎಂದು ನನಗೆ ಹೇಳಲು ಬಾರದು. ಮೊಣಕಾಲೂರಿದವಳಿಗೆ ಬೇರೆ ದಾರಿಯಿರಲಿಲ್ಲ. ಕುಳಿತವಳು ಬಟ್ಟಲನ್ನು ನಿರಾಕರಿಸಬಹುದೆಂಬುದು ಮಾತಿಗೆ ಮಾತ್ರ, ಗಂಡನ ಮುಂದೆ ಎಷ್ಟು ಜನರಿಗೆ ಅದು ಸಾಧ್ಯವಾಗಿದ್ದೀತು?

ಇನ್ನು ಬಟ್ಟಲಿನೊಳಗೆ ಏನಿರುತ್ತದೆ ಎಂಬ ವಿಷಯ. ಸಿಂಗಪುರ ಮಲೇಷ್ಯಾಗಳ ಬಹಳಷ್ಟು ಮನೆಗಳಲ್ಲಿ ಕೆಂಪು ಬೋರೆ ಮತ್ತು ಒಣಗಿಸಿದ ಲಾಂಗನ್ ಹಣ್ಣು ಹಾಕಿ ಕುದಿಸಿದ ಸಿಹಿ ಪಾನೀಯವೇ ಇರುತ್ತದೆ, ಎಷ್ಟೋ ಸಲ ಚಹಾ ಎಲೆಯೇ ಇರುವುದಿಲ್ಲ. ಬೇರೆಡೆ ಚಹಾ ಕಷಾಯಕ್ಕೆ ಬೋರೆ, ತಾವರೆ ಬೀಜಗಳನ್ನು ಹಾಕುತ್ತಾರೆ, ಅವೂ ಜೋಡಿ ಜೋಡಿಯಾಗಿಯೇ ಇರಬೇಕು. ಕೆಂಪು ಬೋರೆಯನ್ನು ಇಂಗ್ಲಿಷಿನ ಹೆಸರು ನೋಡಿ ‘ಕೆಂಪು ಖರ್ಜೂರ’ ಎಂದು ಬರೆಯುವುದನ್ನು ಕಂಡಿದ್ದೇನೆ, ಅದು ಖರ್ಜೂರವಲ್ಲ. ಸಂಕ್ರಾಂತಿಯಲ್ಲಿ ಮಕ್ಕಳ ತಲೆಯ ಮೇಲೆ ಎರೆಯುವ ನಮ್ಮ ಎಲಚಿಹಣ್ಣಿನ ಹತ್ತಿರದ ಬಂಧು. ಅದರ ಚೀನೀ ಹೆಸರು ‘ಜಾವ್’, ‘ಬೇಗ’ ಎಂಬ ಪದದ ಉಚ್ಚಾರವೂ ಅದೇ. ಕಡಲೆಕಾಯಿಯ ಹೆಸರಾದ ‘ಹ್ವಾಶೆಂಗ್’ನಲ್ಲಿ ‘ಹುಟ್ಟು’ ಎಂಬ ಅರ್ಥದ ಶೆಂಗ್ ಇದೆ, ಲಾಂಗನ್ನಿನ ಇನ್ನೊಂದು ಹೆಸರಿನಲ್ಲಿ ‘ಶ್ರೇಷ್ಠ’ ಎಂಬ ಪದದ ಧ್ವನಿಯಿದೆ, ತಾವರೆ ಬೀಜದ ಹೆಸರಿನಲ್ಲಿ ‘ಸಂತಾನ’ ಇದೆ. ನಾಲ್ಕನ್ನೂ ಜೋಡಿಸಿ ಓದಿದರೆ ‘ಬೇಗನೆ ಶ್ರೇಷ್ಠ ಸಂತಾನ ಹುಟ್ಟಲಿ’ ಎಂಬ ಹಾರೈಕೆ. ಈ ನಾಲ್ಕರಲ್ಲಿ ಕಡಲೆಕಾಯಿ ಹೊಸಬ. ಅದು ದಕ್ಷಿಣ ಅಮೆರಿಕದಿಂದ 16ನೇ ಶತಮಾನದ ಹೊತ್ತಿಗಷ್ಟೇ ಚೀನಾಕ್ಕೆ ಬಂದದ್ದು. ಬೋರೆಯಾದರೋ ಎರಡು ಸಾವಿರ ವರ್ಷಗಳಿಗೂ ಹಿಂದೆ ಆ ಬಿದಿರಿನ ಬುಟ್ಟಿಯಲ್ಲಿ ಇದ್ದ ಹಣ್ಣೇ. ಚಹಾ ಬರುವ ಮೊದಲೂ ಅದಿತ್ತು, ಚಹಾ ಎಲೆ ಇಲ್ಲದ ಇವತ್ತಿನ ಸಿಂಗಪುರದ ಬಟ್ಟಲಿನಲ್ಲೂ ಅದಿದೆ.

ಬಟ್ಟಲನ್ನು ಎಂದೂ ತುಂಬುವುದಿಲ್ಲ. ತುಂಬಿದ ಚಹಾ ಅತಿಥಿಗೆ ಅವಮಾನ ಎಂಬ ಗಾದೆ ಅವರಲ್ಲಿದೆ. ಬಿಸಿ ಬಟ್ಟಲು ಕೈ ಸುಡುತ್ತದೆ ಎಂಬ ಸರಳ ಕಾರಣವೂ ಅದರ ಹಿಂದಿರಬೇಕು. ಕೊಡುಗೆಗಳ ವಿಷಯಕ್ಕೆ ನಾನು ಹೆಚ್ಚು ಹೋಗುವುದಿಲ್ಲ. ಕೆಂಪು ಲಕೋಟೆಗೆ ಮ್ಯಾಂಡರಿನ್‌ನಲ್ಲಿ ‘ಹೋಂಗ್‌ಬಾವ್’, ಸಿಂಗಪುರ ಮಲೇಷ್ಯಾಗಳಲ್ಲಿ ‘ಆಂಗ್‌ಪಾವ್’, ಕ್ಯಾಂಟನೀಸ್‌ನಲ್ಲಿ ‘ಲಾಯ್‌ಸೀ’ ಎಂಬ ಹೆಸರುಗಳಿವೆ. ಕ್ಯಾಂಟನೀಸರು ಡ್ರ್ಯಾಗನ್ ಮತ್ತು ಫೀನಿಕ್ಸ್ ಕೆತ್ತಿದ ಚಿನ್ನದ ಬಳೆಗಳನ್ನು, ಮರಿಗಳೊಂದಿಗಿರುವ ಹಂದಿಯ ಪದಕವನ್ನು ಕೊಡುತ್ತಾರೆ. ಟಿಯೋಚ್ಯೂ ಮನೆಗಳಲ್ಲಿ ಅತ್ತೆ ಸೊಸೆಗೆ ನಾಲ್ಕು ಬಗೆಯ ಚಿನ್ನದ ಒಡವೆ ಕೊಡುವ ಪದ್ಧತಿಯಿದೆ. ಚೀನಾದಲ್ಲಿ ‘ಬಾಯಿ ಬದಲಿಸಿದ’ದ್ದಕ್ಕೆಂದೇ ಬೇರೆ ಲಕೋಟೆ ಕೊಡುವ ವಾಡಿಕೆ ಇದೆ, ಕೆಲವರು ಅದರಲ್ಲಿ 10,001 ಯುವಾನ್ ಇಡುತ್ತಾರೆ: ಹತ್ತು ಸಾವಿರದಲ್ಲಿ ಒಬ್ಬಳನ್ನು ಆರಿಸಿಕೊಂಡೆವು ಎಂದು.

ನನಗೆ ಹೆಚ್ಚು ಮುಖ್ಯವಾಗಿ ಕಾಣುವ ಬದಲಾವಣೆ ಬೇರೆ. ಮೊದಲು ಚಹಾ ಕೊಡುತ್ತಿದ್ದವಳು ಸೊಸೆ, ಕುಡಿಯುತ್ತಿದ್ದವರು ಗಂಡನ ಕಡೆಯವರು. ಈಗ ಎರಡೂ ಮನೆಗಳಲ್ಲಿ ಶಾಸ್ತ್ರ ನಡೆಯುತ್ತದೆ, ಎರಡೂ ಕಡೆ ಇಬ್ಬರೂ ಮೊಣಕಾಲೂರುತ್ತಾರೆ. ಹಾಂಗ್‌ಕಾಂಗಿನಲ್ಲಿ ಸಾಮಾನ್ಯವಾಗಿ ಹೆಣ್ಣಿನ ಮನೆಯಲ್ಲಿ ಮೊದಲು, ಆಮೇಲೆ ಗಂಡಿನ ಮನೆಯಲ್ಲಿ. ಸಿಂಗಪುರದ ಅನೇಕ ಕುಟುಂಬಗಳಲ್ಲಿ ಗಂಡಿನ ಮನೆಯಲ್ಲಿ ಮುಗಿಸಿ ಅದೇ ದಿನ ಹೆಣ್ಣಿನ ಮನೆಗೆ ಮರಳುತ್ತಾರೆ. ಮದುವೆಯ ಮೂರನೆಯ ದಿನ ತವರಿಗೆ ಹೋಗುತ್ತಿದ್ದ ಹಳೆಯ ಪದ್ಧತಿಯನ್ನು ಅವರು ಕೆಲವು ಗಂಟೆಗಳಿಗೆ ಇಳಿಸಿಕೊಂಡಿದ್ದಾರೆ. ನಾನು ಹೇಳಿದ ಆ ಮದುವೆಯಲ್ಲೂ ಹಾಗೆಯೇ ಆಯಿತು. ಮಧ್ಯಾಹ್ನದ ಹೊತ್ತಿಗೆ ಹುಡುಗಿಯ ತಂದೆಯ ಮುಂದೆ ಮೊಣಕಾಲೂರಿದ ಅಳಿಯ ‘ಬಾ’ ಎಂದು ಕರೆದ. ಅವನು ತಡವರಿಸಲಿಲ್ಲ. ದಾರಿಯಲ್ಲಿ ಕಾರಿನಲ್ಲಿ ಅಭ್ಯಾಸ ಮಾಡಿಕೊಂಡು ಬಂದೆ ಎಂದು ಆಮೇಲೆ ಹೇಳಿದ.

ಆದರೆ ನನ್ನ ನೆನಪಿನಲ್ಲಿ ಉಳಿದಿರುವುದು ಬೆಳಗಿನ ಶಾಸ್ತ್ರದ ಕೊನೆಯ ಭಾಗ. ಹಿರಿಯರೆಲ್ಲರಿಗೂ ಕೊಟ್ಟಾದ ಮೇಲೆ ದಿಂಬುಗಳನ್ನು ತೆಗೆದು, ಗಂಡು ಹೆಣ್ಣನ್ನು ಅದೇ ಕುರ್ಚಿಗಳಲ್ಲಿ ಕೂರಿಸಿದರು. ಈಗ ಕಿರಿಯರು ಅವರಿಗೆ ಚಹಾ ಕೊಡಬೇಕು. ಗಂಡಿನ ಕೊನೆಯ ತಮ್ಮನಿಗೆ ಹತ್ತೋ ಹನ್ನೊಂದೋ ವರ್ಷ. ಅಲ್ಲಿಯವರೆಗೆ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದ, ಅವಳ ಫೋನಿನಲ್ಲಿ ಆಟವಾಡುತ್ತಿದ್ದ ಹುಡುಗ. ಅವನು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಬಂದು ನಿಂತು, ತಾಯಿಯ ಕಡೆಗೊಮ್ಮೆ ನೋಡಿ, ನೆಲ ನೋಡುತ್ತಾ ಬಹಳ ಮೆಲ್ಲಗೆ ‘ದಾ ಸಾವ್, ಹೆ ಛಾ’ ಎಂದ. ಅತ್ತಿಗೆ, ಚಹಾ ಕುಡಿಯಿರಿ. ಬೆಳಗ್ಗೆಯಿಂದ ಒಬ್ಬೊಬ್ಬರನ್ನೇ ಹೊಸ ಹೆಸರಿನಿಂದ ಕರೆದು ಕರೆದು ಬಾಯಿ ಒಣಗಿದ್ದ ಆ ಹುಡುಗಿಯನ್ನು ಮೊದಲ ಬಾರಿಗೆ ಒಬ್ಬರು ಹೊಸ ಹೆಸರಿನಿಂದ ಕರೆದಿದ್ದರು. ಅವಳು ಬಟ್ಟಲನ್ನು ತೆಗೆದುಕೊಂಡು, ಬೋರೆಹಣ್ಣನ್ನೂ ಬಿಡದೆ, ಪೂರ್ತಿ ಕುಡಿದಳು.